ಬುದ್ಧಿ ಹೇಳದ ಅಕ್ಕೋರು

ಕೆಲವು ವಿವರಗಳಲ್ಲಿ ನಾನು ತಪ್ಪಿರಬಹುದು. ಅಕ್ಕೋರ ಕೋಣೆಯ ಕುರ್ಚಿಗಳು ನೀಲಿ ಎಂದು ನನ್ನ ನೆನಪು. ತಂಗಿ ರೇಣು ಹಸಿರು ಎನ್ನುತ್ತಾಳೆ. ಅವರು ಮಿರ್ಚಿ ಭಜಿ ತಿನ್ನುತ್ತ ಮಾತಾಡುತ್ತಿದ್ದರು ಎಂದು ಬರೆಯಲು ಹೊರಟೆ. ಅದು ಒಂದೇ ಸಲ ಕಂಡದ್ದೋ ಯಾವಾಗಲೂ ಹಾಗೆಯೋ, ಈಗ ಖಚಿತವಿಲ್ಲ. ನಾನು ದಿನಚರಿ ಬರೆಯುವವಳು. ಆ ಕಾಲದ ಪುಟಗಳನ್ನು ತೆಗೆದು ನೋಡಿದರೆ ಬಿಸಿಲು, ಬಸ್ಸು, ಕಾಲೇಜಿನ ಪರೀಕ್ಷೆ ಇಷ್ಟೇ ಇವೆ. ಬೇಕಾದದ್ದನ್ನು ಬರೆದಿಟ್ಟಿಲ್ಲ. ಆದರೆ ಒಂದು ಸಂಗತಿಯಲ್ಲಿ ನನ್ನ ನೆನಪು ತಪ್ಪಿಲ್ಲ. ಅವರು ಯಾರಿಗೂ ಬುದ್ಧಿ ಹೇಳಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಬೇಕಾದದ್ದು ಬಾದಾಮಿಯಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಿಂದಾಗಿ. ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ಸಭೆಯಲ್ಲಿ ಅವರ ಫೋಟೋ ಹಾಕಿದ ಫ್ಲೆಕ್ಸ್ ಕಟ್ಟಿದ್ದರು. ಕೆಳಗೆ ದೊಡ್ಡ ಅಕ್ಷರಗಳಲ್ಲಿ, ‘ನೊಂದವರಿಗೆ ಬುದ್ಧಿಮಾತು ಹೇಳಿ ಬದುಕಿಸಿದ ಮಹಾತಾಯಿ’. ಭಾಷಣ ಮಾಡಿದ ಹಿರಿಯರೊಬ್ಬರು ಅದನ್ನೇ ಹಿಗ್ಗಿಸಿ ಹೇಳಿದರು. ಸಾಯಲು ಹೊರಟವರನ್ನು ಕೂರಿಸಿಕೊಂಡು ಬುದ್ಧಿ ಹೇಳಿದರಂತೆ, ಮನುಷ್ಯ ಜನ್ಮ ದೊಡ್ಡದು ಎಂದು ತಿಳಿಹೇಳಿದರಂತೆ. ಜನ ತಲೆದೂಗಿದರು. ನನಗೆ ಮೈ ಉರಿಯಿತು. ಒಬ್ಬ ಹೆಂಗಸು ಬದುಕಿಡೀ ಯಾವುದರ ವಿರುದ್ಧ ಕೆಲಸ ಮಾಡಿದಳೋ ಅದನ್ನೇ ಅವಳ ಫೋಟೋದ ಕೆಳಗೆ ಬರೆದು ಹಾರ ಹಾಕಿದರೆ ಏನನ್ನಬೇಕು?

ನಮ್ಮ ಕಡೆ ‘ಬುದ್ಧಿ ಹೇಳಿಸೋದು’ ಎಂಬುದೊಂದು ಪದ್ಧತಿಯೇ ಇದೆ. ಮಗ ಸರಿಯಾಗಿ ಕೆಲಸಕ್ಕೆ ಹೋಗುವುದಿಲ್ಲ, ಸೊಸೆ ಮಾತು ಬಿಟ್ಟಿದ್ದಾಳೆ, ತಮ್ಮ ಕುಡಿಯುತ್ತಾನೆ ಎಂದರೆ ಅವರನ್ನು ಒಬ್ಬ ಹಿರಿಯರ ಬಳಿಗೆ ಕರೆದೊಯ್ಯುತ್ತಾರೆ. ಸ್ವಾಮಿಗಳಿರಬಹುದು, ಹೆಡ್ ಮಾಸ್ತರರಿರಬಹುದು, ಸೋದರಮಾವ ಇರಬಹುದು. ಕರೆತಂದವರು ದೂರು ಹೇಳುತ್ತಾರೆ. ಹಿರಿಯರು ಬುದ್ಧಿ ಹೇಳುತ್ತಾರೆ. ತಪ್ಪಿತಸ್ಥರು ತಲೆ ತಗ್ಗಿಸಿ ಕೊನೆಗೆ ‘ಹೂನ್ರಿ’ ಎನ್ನುತ್ತಾರೆ. ಎಲ್ಲರೂ ಚಹಾ ಕುಡಿದು ಏಳುತ್ತಾರೆ. ಇಡೀ ವ್ಯವಹಾರದಲ್ಲಿ ಯಾರ ಜೀವಕ್ಕೆ ಕಷ್ಟವಾಗಿದೆಯೋ ಅವರು ಆಡುವುದು ಆ ಒಂದೇ ಮಾತು.

ಬಾಗಲಕೋಟೆಯ ನವನಗರದ ಒಂದು ದವಾಖಾನೆಯಲ್ಲಿ ಅವರು ಕೆಲಸಕ್ಕಿದ್ದರು. ದವಾಖಾನೆಯ ಹೆಸರು ಬೇಡ, ಅವರ ಹೆಸರೂ ಬೇಡ. ಎಕ್ಸ್‌ರೇ ಕೋಣೆ ದಾಟಿದ ಮೇಲೆ ಓಣಿಯ ಕೊನೆಗೆ ಅವರ ಕೋಣೆ. ‘ಆಪ್ತ ಸಮಾಲೋಚನೆ’ ಎಂದು ಹಲಗೆ ಇತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ‘ಬುದ್ಧಿ ಹೇಳೋ ಅಕ್ಕೋರು ಎಲ್ಲಿ ಕುಂಡ್ರತಾರ್ರಿ?’ ಎಂದು ಕೇಳಿಕೊಂಡು ಬರುತ್ತಿದ್ದರು. ಅವರು ಎಂದೂ ಶಾಲೆಯಲ್ಲಿ ಕಲಿಸಿದವರಲ್ಲ, ಆದರೂ ಅಕ್ಕೋರು ಎಂಬ ಹೆಸರು ನಿಂತಿತ್ತು. ದಪ್ಪಗಿದ್ದರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು, ಮುಂಜಾನೆ ಸಮಯಕ್ಕೆ ಸರಿಯಾಗಿ ಬರುತ್ತಿರಲಿಲ್ಲ. ಮಾತು ಒರಟು. ಮಹಾತಾಯಿ ಎಂದು ಯಾರಾದರೂ ಎದುರಿಗೆ ಕರೆದಿದ್ದರೆ ಬಾಗಿಲು ತೋರಿಸುತ್ತಿದ್ದರು.

ರೇಣುವನ್ನು ಮೊದಲ ಸಲ ಕರೆದೊಯ್ದ ದಿನ ನಮ್ಮ ಮುಂದೆ ಗುಡೂರಿನ ಒಬ್ಬ ತಂದೆ, ಮೀಸೆ ಬಂದ ಮಗನನ್ನು ಕರೆದುಕೊಂಡು ನಿಂತಿದ್ದರು.

‘ಅಕ್ಕೋರ, ಇವಗ ಸ್ವಲ್ಪ ಬುದ್ಧಿ ಹೇಳ್ರಿ.’

‘ಬುದ್ಧಿ ನನ್ನ ಕಡೆ ಇಲ್ಲ. ಮುಗದೈತಿ.’

‘ಹಂಗಂದ್ರ ಹ್ಯಾಂಗ್ರಿ? ಗುಡೂರಿಂದ ಬಂದೇವಿ.’

‘ಗುಡೂರಾಗ ಬುದ್ಧಿ ಹೇಳೋರು ಯಾರೂ ಇಲ್ಲೇನು?’

‘ಅದಾರ್ರಿ. ಭಾಳ ಮಂದಿ ಅದಾರ. ಎಲ್ಲಾರೂ ಹೇಳಿ ಆಗೈತಿ.’

‘ಹಂಗಾರ ಅವಗ ಅದು ಹೊಟ್ಟಿ ತುಂಬ ಸಿಕ್ಕೈತಿ. ನೀವು ಒಳಗ ಬರ್ರಿ. ಅಂವ ಹೇಳ್ತಾನ, ನೀವು ಕೇಳ್ರಿ.’

ಆ ತಂದೆಯ ಮುಖ ನೋಡಬೇಕಿತ್ತು. ಚಿಕಿತ್ಸೆ ತನಗೋ ಮಗನಿಗೋ ಎಂದು ತಿಳಿಯದೆ ಮಗನ ಹಿಂದೆ ಒಳಗೆ ಹೋದರು.

ರೇಣು ನನ್ನ ಕಾಕಾನ ಮಗಳು. ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಪ್ಪ ಹಿರಿಯರು, ಸಾಲಿ ಮಾಸ್ತರಾಗಿ ನಿವೃತ್ತರಾದರು. ಕಾಕಾ ಮನೆಯ ಮಗ್ಗಗಳನ್ನು ನೋಡಿಕೊಂಡರು. ಅಜ್ಜನ ಕಾಲದ ಕುಣಿಮಗ್ಗದ ಗುಂಡಿ ಮುಚ್ಚಿ ಈಗ ಪವರ್‌ಲೂಮ್ ಹಾಕಿದ್ದಾರೆ. ಅವು ನಡೆದಾಗ ಮನೆಯಲ್ಲಿ ಮಾತು ಕೇಳಿಸುವುದಿಲ್ಲ. ಊಟಕ್ಕೆ ಕರೆಯುವುದು, ನೀರು ಕೇಳುವುದು, ಯಾರೋ ಬಂದರೆಂದು ತಿಳಿಸುವುದು ಎಲ್ಲ ಕೈಸನ್ನೆ. ನಾನು ಧಾರವಾಡಕ್ಕೆ ಓದಲು ಹೋದಾಗ ಹಾಸ್ಟೆಲಿನ ಗೆಳತಿಯರು, ಹಸಿವಾಗಿದೆ ಎಂಬುದನ್ನೂ ಕೈಯಲ್ಲಿ ಹೇಳುತ್ತೀಯಲ್ಲ ಎಂದು ನಕ್ಕಿದ್ದರು. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಹಸಿವಿಗೆ ಸನ್ನೆ ಇದೆ, ದುಃಖಕ್ಕೆ ನಮ್ಮ ಮನೆಯಲ್ಲಿ ಸನ್ನೆ ಇಲ್ಲ ಎಂಬುದು ಹೊಳೆದಿರಲಿಲ್ಲ.

ರೇಣುವಿಗೆ ಕಮತಗಿಯ ಒಂದು ಮನೆಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಅವರು ಬಿಟ್ಟರು; ಕಾರಣ ನಮಗಾರಿಗೂ ತಿಳಿಯಲಿಲ್ಲ. ಅಂದಿನಿಂದ ಕಾಕಾ ಮಗಳೊಂದಿಗೆ ಮಾತು ಬಿಟ್ಟರು. ಕೆಲವು ತಿಂಗಳ ಮೇಲೆ ಅವಳು ಸಾಯಲು ಹೋಗಿ ಉಳಿದಳು. ಏನು ಮಾಡಿಕೊಂಡಳು ಎಂದು ಬರೆಯುವುದಿಲ್ಲ. ಅದನ್ನು ಕೇಳುವವರು ಊರ ತುಂಬ ಸಿಕ್ಕರು; ಏನಾಯಿತವ್ವಾ ನಿನಗೆ ಎಂದು ಅವಳನ್ನು ಕೇಳಿದವರು ಸಿಗಲಿಲ್ಲ.

ಕಾಕು, ಅಂದರೆ ಅವಳ ತಾಯಿ, ಬಂದವರಿಗೆಲ್ಲ ‘ಹೊಟ್ಟಿನೋವು’ ಎಂದರು. ಇದು ಕಾಕುವಿನ ಶೋಧವಲ್ಲ. ನಮ್ಮ ಕಡೆ ಇಂಥದ್ದಕ್ಕೆಲ್ಲ ಇರುವ ಹೆಸರೇ ಅದು. ಪತ್ರಿಕೆಯ ಮೂಲೆಯಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂದು ಬರುತ್ತದೆ, ಓದಿದವರಿಗೆ ಅರ್ಥವಾಗುತ್ತದೆ, ಯಾರೂ ಮುಂದೆ ಕೇಳುವುದಿಲ್ಲ. ಆದರೆ ಕಾಕು ಅದನ್ನು ಎಷ್ಟು ಸಲ ಹೇಳಿದರೆಂದರೆ ಸ್ವತಃ ನಂಬಿದರು. ಮಗಳಿಗೆ ಜೀರಿಗೆ ಕಷಾಯ ಕುಡಿಸಿದರು. ಮೌಶಿ, ಅಂದರೆ ಕಾಕುವಿನ ತಂಗಿ, ಅಜವಾನ ತಂದಳು. ಬನಶಂಕರಿಗೆ ಹರಕೆ ಹೊತ್ತರು, ಅದೂ ಹೊಟ್ಟೆಯ ಹೆಸರಿನಲ್ಲಿ. ಕೊನೆಗೆ ಬಾಗಲಕೋಟೆಗೆ ಕರೆತಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಒಂದು ಕಡೆ ಏನೂ ಕಾಣದಿದ್ದಾಗ ಇನ್ನೊಂದು ಕಡೆ. ಸಾಯಲು ಹೋದ ಹುಡುಗಿಯನ್ನು ಮಲಗಿಸಿ ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಕಾರಣ ಹುಡುಕಿದರು.  

ಎರಡನೆಯ ಸ್ಕ್ಯಾನಿಂಗ್ ಆದ ದಿನ ಅವಳು ನನ್ನ ಬಾಡಿಗೆ ಮನೆಗೆ ಬಂದಳು. ನಾನು ನವನಗರದಲ್ಲೇ ಇದ್ದೆ, ಅಲ್ಲಿನ ಕಾಲೇಜಿನಲ್ಲಿ ಕಲಿಸುತ್ತಿದ್ದೆ. ಕಾಕು ಒಳಗೆ ಮಲಗಿದ್ದರು.

‘ಅಕ್ಕಾ, ನನ್ನ ಹೊಟ್ಟಿ ಭಾಳ ಛಲೋ ಐತಿ ಅಂತ ಫೋಟೋ ಬಂದೈತಿ’ ಎಂದಳು ರೇಣು. ‘ಈಗರ ಅದರ ಮ್ಯಾಲಿಂದು ಯಾರರ ನೋಡ್ತಾರೇನು, ಕೇಳು.’

ಹೀಗೆ ಮನೋವೈದ್ಯರನ್ನು ಕಂಡೆವು. ಅವರು ಔಷಧ ಬರೆದು ಅಕ್ಕೋರ ಕೋಣೆ ತೋರಿಸಿದರು. ಗುಡೂರಿನವರು ಹೊರಬಂದ ಮೇಲೆ ನಮ್ಮ ಸರದಿ. ಅಕ್ಕೋರು ಕಾಕುವನ್ನೂ ನನ್ನನ್ನೂ ಹೊರಗೆ ಕೂರಿಸಿ ರೇಣುವನ್ನು ಒಬ್ಬಳನ್ನೇ ಒಳಗೆ ಕರೆದರು. ಅವರು ಕೇಳಿದ ಮೊದಲ ಪ್ರಶ್ನೆಯನ್ನು ರೇಣು ಆಮೇಲೆ ನನಗೆ ಹೇಳಿದಳು. ‘ಈಗೂ ಸಾಯಬೇಕು ಅನಸ್ತೈತೇನವ್ವಾ?’ ಅಷ್ಟು ದಿನಗಳಲ್ಲಿ ಆ ಮಾತನ್ನು ಯಾರೋ ಅದರ ಹೆಸರಿನಿಂದ ಕರೆದದ್ದು ಅದೇ ಮೊದಲು. ‘ಹೌದು ಅಂದೆ, ಅಂದಮ್ಯಾಲೆ ಉಸಿರು ಬಂತು ನೋಡಕ್ಕಾ’ ಎಂದಳು.

ಅರ್ಧ ತಾಸಿನ ನಂತರವೋ ಒಂದು ತಾಸಿನ ನಂತರವೋ ಅಕ್ಕೋರು ಹೊರಬಂದು ನನ್ನನ್ನು ಪಕ್ಕಕ್ಕೆ ಕರೆದರು.

‘ನೀ ಏನಾಗಬೇಕು ಆಕಿಗಿ?’

‘ಅಕ್ಕ ಆಗಬೇಕ್ರಿ. ಕಾಲೇಜಿನ್ಯಾಗ ಕಲಸ್ತೇನಿ. ಆಕಿಗಿ ಮದವಿ ತಪ್ಪಿದ್ದು ಮನಸಿಗೆ ಹತ್ತೈತಿ ಅಂತ ನನಗ ಅನಸ್ತೈತಿ, ಅದಕ್ಕ...’

‘ಕಲಸೋದು ಕಾಣ್ತೈತಿ. ಪ್ರಶ್ನೆನೂ ನಿಂದ, ಉತ್ತರಾನೂ ನಿಂದ.’ ಕನ್ನಡಕಕ್ಕಾಗಿ ಮೇಜು ತಡಕಿದರು; ಅದು ತಲೆಯ ಮೇಲಿತ್ತು. ‘ನೋವು ತಡಿಯಾಕ ಆಗದಾಗ ಯಾರ ಕಡೆ ಓಡಿ ಹೋಗಬೇಕು ಅನಸ್ತು ಅಂತ ಕೇಳಿದೆ. ನಮ್ಮಪ್ಪ ಅಂದ್ಲು. ಮತ್ತ ಯಾಕ ಹೋಗಲಿಲ್ಲ ಅಂದೆ. ಬಾಯಿ ತೆರೀಲಿಲ್ಲ. ಆ ದಾರಿ ಎಲ್ಲಿ ಮುಚ್ಚೈತಿ ನೋಡಬೇಕು. ಅವರಪ್ಪನ್ನ ಕರಸು. ಅಲ್ಲೀತನಕ ಗುಳಗಿ ತಪ್ಪಸಬ್ಯಾಡ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ. ಗುಳಗಿ ಡಾಕ್ಟರ್ ಕೊಡ್ತಾರ. ನನ್ನ ಕಡೆ ಇರೂದು ಬರೀ ಖುರ್ಚಿ.’

ಕಾಕಾ ಬರಲೊಪ್ಪಲಿಲ್ಲ. ‘ನಾ ಬಂದು ಏನ್ ಮಾಡ್ಲಿ? ಬುದ್ಧಿ ಹೇಳಾಕ ಅವರು ಅದಾರಲ್ಲ’ ಎಂದರು. ನಾನು ಫೋನಿನಲ್ಲಿ ಜಗಳವಾಡಿದೆ. ಅಕ್ಕೋರೇ ಫೋನ್ ಮಾಡಿದರು. ಆ ಕಡೆ ಮಗ್ಗದ ಸದ್ದು. ಕಾಕಾ ‘ಕೇಳಸವಲ್ದ್ರಿ’ ಎಂದು ಕೂಗಿದರು.

‘ಮಗ್ಗ ಬಂದ್ ಮಾಡಿ ಬರ್ರಿ. ನಾ ನಿಂತಿರ್ತೇನಿ.’

ಕಾಕಾ ಫೋನ್ ಇಟ್ಟರು. ಅಕ್ಕೋರು ಮತ್ತೆ ಮಾಡಿದರು. ಮತ್ತೆ ಇಟ್ಟರು. ‘ನೋಡು, ಇಡಾಕರ ಎತ್ತಾನ. ಎತ್ತೋ ಮನಷ್ಯಾ ಬರ್ತಾನ’ ಎಂದರು ಅಕ್ಕೋರು ನನಗೆ.

ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕೊಂಡ ಕರದಂಟಿನ ಪೊಟ್ಟಣ. ಹಿರಿಯರ ಬಳಿ ಬುದ್ಧಿ ಹೇಳಿಸಲು ಬರಿಗೈಯಲ್ಲಿ ಹೋಗಬಾರದಲ್ಲ. ಅಕ್ಕೋರು ಪೊಟ್ಟಣವನ್ನು ಅಲ್ಲೇ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಮೊದಲು ಕಾಕಾನೊಬ್ಬರನ್ನೇ ಕೂರಿಸಿಕೊಂಡರು. ಆಮೇಲೆ ಅಪ್ಪ ಮಗಳು ಇಬ್ಬರನ್ನೂ ಒಳಗೆ ಕರೆದರು. ಮೇಜನ್ನು ಗೋಡೆಗೆ ಸರಿಸಿ ಎರಡು ಕುರ್ಚಿಗಳನ್ನು ಹತ್ತಿರ ಹಾಕಿ, ತಾವು ಒಂದು ಸ್ಟೂಲಿನ ಮೇಲೆ ಕೂತರು. ನಾನು ಹೊರಗಿದ್ದೆ. ಆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಾಗಾಗಿ ಕೆಲವು ಮಾತು ನನ್ನ ಕಿವಿಗೆ ಬಿದ್ದವು. ಉಳಿದದ್ದು ರೇಣು ಮತ್ತು ಕಾಕಾ ಬೇರೆ ಬೇರೆಯಾಗಿ ಹೇಳಿದ್ದು. ಇಬ್ಬರ ಮಾತೂ ಹೊಂದುವುದಿಲ್ಲ. ಅಪ್ಪ ಬಹಳ ಹೊತ್ತು ಬಾಯಿ ಬಿಡಲಿಲ್ಲ ಎನ್ನುತ್ತಾಳೆ ರೇಣು. ‘ಕುಂತ ಕೂಡಲೆ ಮಾತಾಡೀನಿ’ ಎನ್ನುತ್ತಾರೆ ಕಾಕಾ. ಇಬ್ಬರೂ ಒಪ್ಪುವುದು ಇಷ್ಟು.

ಅಕ್ಕೋರು ರೇಣುವಿಗೆ ಹೇಳಿದರು, ‘ನನಗ ಹೇಳದ ಇದ್ದದ್ದು ಅಪ್ಪಗ ಹೇಳವ್ವಾ. ಅಷ್ಟು ತ್ರಾಸ ಆದಾಗ ಅವರ ಕಡೆ ಯಾಕ ಹೋಗಲಿಲ್ಲ?’

ಕಾಕಾ ನಡುವೆ ಬಾಯಿ ಹಾಕಿದರು. ‘ನೋಡವಾ, ಮನಷ್ಯಾ ಅಂದಮ್ಯಾಲೆ ಕಷ್ಟ ಸುಖ...’

‘ಯಜಮಾನ್ರ, ಅದು ಬುದ್ಧಿ. ಅದನ್ನ ಹೊರಗ ಚಪ್ಪಲಿ ಬಾಜೂಕ ಇಟ್ಟ ಬರ್ರಿ.’

ಇದು ನಾನು ಸ್ವತಃ ಕೇಳಿದ ಮಾತು. ಕಾಕಾ ನಿಜವಾಗಿಯೂ ಎದ್ದು ನಿಂತದ್ದು ಬಾಗಿಲ ಸಂದಿಯಿಂದ ಕಂಡಿತು. ಮತ್ತೆ ಕೂತರು.

ಆಗ ರೇಣು ಹೇಳಿದಳು. ಕಮತಗಿಯವರು ಬಿಟ್ಟದ್ದು ತಾನು ಹುಡುಗನೊಂದಿಗೆ ಫೋನಿನಲ್ಲಿ ಏನೋ ಹೆಚ್ಚುಕಡಿಮೆ ಮಾತಾಡಿದ್ದಕ್ಕೆ ಎಂದು ತಿಳಿದುಕೊಂಡಿದ್ದಳಂತೆ. ‘ನೀನೂ ಅದಕ್ಕ ಮಾತ ಬಿಟ್ಟಿ ಅಂತ ತಿಳಕೊಂಡೆ ಅಪ್ಪಾ. ಮಾರಿ ನೋಡವಲ್ಲಿ. ಇದ್ದರೆಷ್ಟು, ಹೋದರೆಷ್ಟು ಅನಸ್ತು.’

ಕಾಕಾ ಹೇಳಿದ್ದು: ‘ನಿನ್ನ ಸಲುವಾಗಿ ಅಲ್ಲವಾ. ನಮ್ಮ ಅಕ್ಕನ ಸಲುವಾಗಿ ಬಿಟ್ಟರು. ಆ ಮನ್ಯಾಗ ಒಬ್ಬಾಕಿ ಹಂಗ ಮಾಡ್ಕೊಂಡು ಸತ್ತಾಳ, ರಕ್ತದಾಗ ಐತಿ ಅಂತ ಹೇಳಿ ಕಳಿಸಿದ್ರು. ಅದನ್ನ ನಿನಗ ಹ್ಯಾಂಗ ಹೇಳ್ಲಿ? ಅದನ್ನ ಬಾಯಾಗ ತಗೊಂಡ್ರ ಅದು ಬರ್ತೈತಿ. ಅದಕ್ಕ ಸುಮ್ಕಿದ್ದೆ.’

‘ನಾ ದಿನಾ ಬಾಯಾಗ ತಗೋತೇನಿ’ ಎಂದರಂತೆ ಅಕ್ಕೋರು. ‘ಕೇಳಿದ್ರ ಅದು ಬರೂದಿಲ್ಲ ಯಜಮಾನ್ರ. ಕೇಳದಿದ್ರ ಆಕಿ ಒಬ್ಬಾಕಿನ ಅದರ ಜೋಡಿ ಕುಂತಿರ್ತಾಳ.’

ಕಾಕಾನ ಅಕ್ಕ ಎಂದರೆ ನನ್ನ ಅತ್ತೆ. ನಾನು ಚಿಕ್ಕವಳಿದ್ದಾಗ ಹೋದಳು. ‘ಹೊಟ್ಟಿನೋವಿಲೆ ಹೋದ್ಲು’ ಎಂದು ನಮಗೆ ಹೇಳಿದ್ದರು. ನಾನು ಅದನ್ನು ಅಕ್ಷರಶಃ ನಂಬಿದ ಮಗು. ಆಮೇಲೆ ಎಷ್ಟೋ ವರ್ಷ ನನಗೆ ಹೊಟ್ಟೆ ನೋವಾದಾಗಲೆಲ್ಲ ಸಾಯುತ್ತೇನೆ ಎಂದುಕೊಂಡು, ಅವ್ವನಿಗೆ ಹೇಳದೆ, ಹಾಸಿಗೆಯಲ್ಲಿ ಮುದುಡಿ ಮಲಗುತ್ತಿದ್ದೆ. ಮರ್ಯಾದೆಗಾಗಿ ಹೇಳಿದ ಒಂದು ಸುಳ್ಳು ನನ್ನನ್ನು ಹೆದರಿಸಿತು, ಮದುವೆ ಯಾಕೆ ತಪ್ಪಿತೆಂಬುದನ್ನು ರೇಣುವಿನಿಂದ ಮುಚ್ಚಿಟ್ಟಿತು, ಅವಳ ಅಪ್ಪನ ಬಾಯಿ ಕಟ್ಟಿತು. ಕಮತಗಿಯವರಿಗೂ ನಿಜ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಯಾರಿಂದ ಮುಚ್ಚಿಟ್ಟಿದ್ದೆವು ಹಾಗಾದರೆ? ನಮ್ಮ ಮನೆಯ ಹೆಣ್ಣುಮಕ್ಕಳಿಂದ.

ಎದ್ದು ಹೊರಡುವಾಗ ಅಕ್ಕೋರು ಕಾಕಾನಿಗೆ ಕೇಳಿದರು, ‘ನಿಮ್ಮ ಮನ್ಯಾಗ ಮಗ್ಗ ಯಾವಾಗ ನಿಲ್ತಾವ?’

‘ಕರೆಂಟ್ ಹೋದಾಗರಿ.’

‘ಛಲೋ ಆತು. ಕರೆಂಟ್ ಹೋದಾಗ ಇಬ್ಬರೂ ಕಟ್ಟೀಗೆ ಬಂದು ಕುಂಡ್ರಬೇಕು. ಆಕಿ ಹೇಳಬೇಕು, ನೀವು ಕೇಳಬೇಕು. ಬುದ್ಧಿ ಬಾಯಿಗೆ ಬಂದ್ರ ನುಂಗಬೇಕು.’

‘ನುಂಗಿದ್ರ ಹೊಟ್ಟಿನೋವು ಬರ್ತೈತ್ರಿ’ ಎಂದಳು ರೇಣು. ಅವಳು ನಗುತ್ತ ತಮಾಷೆ ಮಾಡಿದ್ದು ಎಷ್ಟೋ ತಿಂಗಳುಗಳಲ್ಲಿ ಅದೇ ಮೊದಲು. ಅಕ್ಕೋರು ನಕ್ಕದ್ದು ಎಕ್ಸ್‌ರೇ ಕೋಣೆಯವರೆಗೆ ಕೇಳಿಸಿತು.

ಹೀಗೆ ವಿದ್ಯುತ್ ಹೋದರೆ ಬೈಯುತ್ತಿದ್ದ ನಮ್ಮ ಮನೆಯಲ್ಲಿ ಅದಕ್ಕೆ ಕಾಯುವ ಇಬ್ಬರು ಹುಟ್ಟಿಕೊಂಡರು. ಮಗ್ಗ ನಿಂತ ಕೂಡಲೇ ಕಾಕಾ ಪಂಚೆ ಕೊಡವಿ ಕಟ್ಟೆಗೆ ಬರುತ್ತಿದ್ದರು. ಮೊದಮೊದಲು ಇಬ್ಬರೂ ಸುಮ್ಮನೆ ರಸ್ತೆ ನೋಡುತ್ತಿದ್ದರಂತೆ. ಒಂದು ದಿನ ಕಾಕಾ ಮಾತು ಬೇಕೆಂದು ಬೆಳೆ, ಮಳೆ, ರೇಷ್ಮೆ ದರ ಎಲ್ಲ ಹೇಳಿ ಮುಗಿಸಿ ‘ಈಗ ನಿಂದು ಹೇಳು’ ಎಂದರಂತೆ. ಅಲ್ಲಿಂದ ಶುರು. ಎಲ್ಲ ಒಮ್ಮೆಲೇ ಸರಿಹೋಯಿತು ಎಂದು ಬರೆದರೆ ಅದು ಫ್ಲೆಕ್ಸಿನ ಭಾಷೆಯಾಗುತ್ತದೆ. ಅಪ್ಪ ಮಗಳು ಎಷ್ಟೋ ಸಲ ಹುನಗುಂದದ ಮೇಲೆ ಹಾದು ಬಾಗಲಕೋಟೆಗೆ ಬಂದರು. ಬಸ್ಸಿನಲ್ಲಿ ಜಗಳವಾಡಿಕೊಂಡು ಬಂದು ಬೇರೆ ಬೇರೆ ಬೆಂಚಿನ ಮೇಲೆ ಕೂತದ್ದೂ ಉಂಟು. ಔಷಧ ಬದಲಾಯಿತು. ನಡುವೆ ಮತ್ತೆ ಕೆಟ್ಟ ದಿನಗಳು ಬಂದವು.

ಅಂಥ ಒಂದು ಮಧ್ಯಾಹ್ನ ರೇಣು ಮಗ್ಗದ ಕೋಣೆಯ ಬಾಗಿಲಿಗೆ ಬಂದು ನಿಂತಳು. ಸೀರೆ ಒಯ್ಯಲು ಬಂದ ವ್ಯಾಪಾರಿ ಹೊರಗೆ ಕೂತಿದ್ದ. ಕರೆಂಟ್ ಇತ್ತು, ಮಗ್ಗ ನಡೆದಿದ್ದವು. ಅವಳು ಏನೋ ಅಂದಳು, ಕಾಕಾನಿಗೆ ಕೇಳಿಸಲಿಲ್ಲ. ಅದನ್ನು ಕೈಯಲ್ಲಿ ಹೇಳಲು ಅವಳಲ್ಲಿ ಸನ್ನೆ ಇರಲಿಲ್ಲ. ಕಾಕಾ ಹೋಗಿ ಸ್ವಿಚ್ ಆರಿಸಿದರು.

‘ಅಪ್ಪಾ, ಇವತ್ತ ಭಾಳ ಐತಿ’ ಎಂದಳು.

ಅಷ್ಟೇ. ಕಾಕಾ ವ್ಯಾಪಾರಿಯನ್ನು ಕಳಿಸಿ, ಅವಳ ಪಕ್ಕದಲ್ಲಿ ಕೂತು, ಸಂಜೆಯ ಬಸ್ಸಿಗೆ ಡಾಕ್ಟರ ಬಳಿ ಕರೆತಂದರು. ಕರೆಂಟ್ ಇದ್ದಾಗ ನಮ್ಮ ಮನೆಯ ಮಗ್ಗ ನಿಂತದ್ದನ್ನು ಕಂಡು ಓಣಿಯವರು ಯಾರೋ ಸತ್ತರೆಂದು ತಿಳಿದು ಬಂದು ಇಣುಕಿದರಂತೆ. ‘ಯಾರೂ ಸತ್ತಿಲ್ಲ, ಅದಕ್ಕ ಬಂದ್ ಮಾಡೇನಿ’ ಎಂದರಂತೆ ಕಾಕಾ. ಇದು ಅವರ ಬಾಯಿಂದ ಬಂದ ಮಾತೋ ನಂತರ ರೇಣು ಹೊಂದಿಸಿದ್ದೋ, ನನಗೆ ಅನುಮಾನ. ಇರಲಿ. ಅವಳು ಇದ್ದಾಳೆ. ಹುನಗುಂದದ ಒಂದು ಶಾಲೆಯಲ್ಲಿ ಕಲಿಸುತ್ತಾಳೆ, ಮುಂಜಾನೆ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುತ್ತಾಳೆ.

ಅಕ್ಕೋರಿಗೆ ಎಲ್ಲರೂ ದಕ್ಕಲಿಲ್ಲ. ಬೇವೂರಿನ ಒಬ್ಬ ಹೊಸ ಮದುವಣಗಿತ್ತಿ ಬರುತ್ತಿದ್ದಳು. ಗಂಡನನ್ನು ಕರೆಸಿರೆಂದು ಹೇಳಿಕಳಿಸಿದರೂ ಅವನು ಬರಲಿಲ್ಲ, ಆಮೇಲೆ ಅವಳನ್ನೂ ಕಳಿಸಲಿಲ್ಲ. ಅಕ್ಕೋರು ಬಸ್ ಹತ್ತಿ ಬೇವೂರಿಗೇ ಹೋದರು. ಮನೆಯವರು ಚಹಾ ಕೊಟ್ಟು, ಮಳೆಯ ಮಾತಾಡಿ, ಸೊಸೆ ತವರಿಗೆ ಹೋಗಿದ್ದಾಳೆಂದು ಹೇಳಿ ಕಳಿಸಿದರು. ಒಳಗಿನ ಕೋಣೆಯಲ್ಲಿ ಬಳೆ ಸದ್ದಾದದ್ದು ಅಕ್ಕೋರಿಗೆ ಕೇಳಿಸಿತ್ತು. ಆಮೇಲೆ ಪತ್ರಿಕೆಯಲ್ಲಿ ಅದೇ ಮೂಲೆ, ಅದೇ ವಾಕ್ಯ. ನಾನು ಹೋದಾಗ ಆ ಪತ್ರಿಕೆ ಅವರ ಮೇಜಿನ ಮೇಲಿತ್ತು.

‘ಈ ಜಿಲ್ಲಾದಾಗ ಎಷ್ಟು ಹೊಟ್ಟಿನೋವು ಐತಿ ನೋಡು. ದೊಡ್ಡದೊಂದು ಹೊಟ್ಟಿ ದವಾಖಾನಿ ಕಟ್ಟಸಬೇಕು’ ಎಂದರು. ನಗಲಿಲ್ಲ. ಆ ದಿನ ಯಾರನ್ನೂ ಒಳಗೆ ಕರೆಯಲಿಲ್ಲ.

ನಾನು ಒಮ್ಮೆ ವಾದಕ್ಕಿಳಿದಿದ್ದೆ. ಎಲ್ಲರ ದಾರಿಯೂ ಮನೆಯವರ ಕಡೆಗೇ ಹೋಗಬೇಕೇ, ಬಡಿಯುವ ಅಪ್ಪನಿದ್ದರೆ, ಕೊಲ್ಲುವಂಥ ಗಂಡನಿದ್ದರೆ ಎಂದು ಕೇಳಿದೆ.

‘ಬಡಿಯೋ ಅಪ್ಪನ ಮುಂದ ಒಯ್ದು ಕುಂಡ್ರಸಿದ್ರ ನಾ ದಡ್ಡಿ’ ಎಂದರು. ‘ಅಲ್ಲಿ ಮೌಶಿ ಹುಡುಕತೇನಿ, ಗೆಳತಿ ಹುಡುಕತೇನಿ, ಸಾಲಿ ಅಕ್ಕೋರನ್ನ ಹುಡುಕತೇನಿ. ಯಾರರ ಒಬ್ಬರು ಇರ್ತಾರ. ಇಲ್ಲಂದ್ರ ಅಂಥೋರು ಸಿಗೂತನಕ ನಾ ಇರ್ತೇನಿ. ಸಾಯಬೇಕು ಅನ್ನೋರಿಗೆ ಸಾಯೂದು ಬೇಕಾಗಿರೂದಿಲ್ಲವಾ. ಹೇಳಿದ್ರ ಕೇಳೋ ಒಂದು ಕಿವಿ ಬೇಕಾಗಿರ್ತೈತಿ. ಅದು ಸಿಗೂತನಕ ಜೀವ ಹಿಡಕೊಂಡು ಕುಂಡ್ರಾಕ ಯಾರರ ಬೇಕು.’

ಅವರ ಹುದ್ದೆ ಗುತ್ತಿಗೆಯದು. ಒಂದು ವರ್ಷ ಅದನ್ನು ಮುಂದುವರಿಸಲಿಲ್ಲ. ಬರೀ ಮಾತಾಡುವುದಕ್ಕೆ ಒಂದು ಕೋಣೆ, ಒಂದು ಸಂಬಳ ಏಕೆ ಎಂದು ಮೇಲಿನವರೊಬ್ಬರು ಕೇಳಿದರೆಂದು ಅಕ್ಕೋರೇ ಹೇಳಿದರು. ‘ಬರೀ ಮಾತು’. ರೇಣುವಿನ ಹೊಟ್ಟೆಯನ್ನು ನೋಡಿದ ಯಂತ್ರಗಳಿಗೆ ಯಾರೂ ಬರೀ ಯಂತ್ರ ಎನ್ನಲಿಲ್ಲ. ನಾನು ಕಳೆದ ವರ್ಷ ಆ ದವಾಖಾನೆಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಆ ಕೋಣೆಯಲ್ಲಿ ಮುರಿದ ಮಂಚ, ಹಳೆಯ ಫ್ಯಾನು ತುಂಬಿದ್ದಾರೆ. ಹಲಗೆ ಇನ್ನೂ ಇದೆ. ಹೊರಗಿನ ಬೆಂಚಿನ ಮೇಲೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಕೂತಿದ್ದರು. ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದೆ. ‘ಬುದ್ಧಿ ಹೇಳೋ ಅಕ್ಕೋರು ಬರ್ತಾರಂತಲ್ರಿ’ ಎಂದರು. ಅವರನ್ನು ಮನೋವೈದ್ಯರ ಕೋಣೆಯವರೆಗೆ ಕರೆದೊಯ್ದು ಬಂದೆ. ಅಲ್ಲಿನ ಸಾಲು ಗೇಟಿನವರೆಗೆ ಇತ್ತು.

ಅಕ್ಕೋರು ಬಾದಾಮಿಯ ತಮ್ಮ ಮನೆಗೆ ಹೋದ ಮೇಲೂ ಜನ ಹುಡುಕಿಕೊಂಡು ಹೋಗುತ್ತಿದ್ದರು. ಮುಂದಿನ ಕೆಂಪುಕಲ್ಲಿನ ಕಟ್ಟೆಯ ಮೇಲೆ ಇಬ್ಬಿಬ್ಬರನ್ನು ಕೂರಿಸಿ ತಾವು ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಆ ಸಭೆಗೆ ಕಾಕಾ, ರೇಣು, ನಾನು ಮೂವರೂ ಹೋಗಿದ್ದೆವು. ಭಾಷಣ ಮುಗಿದಾಗ ನಾನು ಎದ್ದು ನಿಂತೆ. ‘ಅವರು ಯಾರಿಗೂ ಬುದ್ಧಿ ಹೇಳಲಿಲ್ಲ’ ಎಂದೆ. ಸಭೆ ತಿರುಗಿ ನೋಡಿತು. ಪಕ್ಕದ ಹೆಂಗಸು ನನ್ನ ಸೆರಗು ಜಗ್ಗಿದರು.

‘ಕುಂಡ್ರವಾ ತಂಗಿ. ಸತ್ತವರ ಬಗ್ಗೆ ಹಂಗ ಅನಬಾರದು.’

 ಕಾಕಾ ಕೂತಲ್ಲಿಂದಲೇ ಗಟ್ಟಿಯಾಗಿ, ಮಗ್ಗದ ಮನೆಯವರು ಮಾತಾಡುವ ಗಟ್ಟಿ ದನಿಯಲ್ಲಿ ಹೇಳಿದರು: ‘ಆಕಿ ಖರೇನ ಹೇಳಾಕತ್ತಾಳ್ರಿ. ನನಗ ಬುದ್ಧಿ ಹೇಳೂದು ಬಂದ್ ಮಾಡಸಿದ್ರು ಅವರು. ಅದಕ್ಕ ನನ್ನ ಮಗಳು ಇಲ್ಲಿ ಕುಂತಾಳ.’ ರೇಣು ಅಪ್ಪನ ಮಗ್ಗುಲಲ್ಲಿ ತಲೆ ಎತ್ತಿ ಕೂತಿದ್ದಳು. ಆ ಹಿರಿಯರು ಕೆಮ್ಮಿ, ಮುಂದಿನವರ ಹೆಸರು ಕರೆದರು. ಫ್ಲೆಕ್ಸ್ ಹಾಗೇ ಉಳಿಯಿತು.

ಸಿಟ್ಟು ಇಳಿಯದೆ ನಾನು ಅವರೊಂದಿಗೆ ಇಳಕಲ್ಲಿಗೇ ಹೋದೆ. ಅಪ್ಪ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಒಳಗೆ ಮಗ್ಗ ನಡೆದಿತ್ತು. ಅತ್ತೆ ಹೋದ ದಿನ ಪೊಲೀಸರಿಗೆ ಹೊಟ್ಟೆನೋವು ಎಂದು ಹೇಳಿಕೆ ಕೊಟ್ಟವರು ಮನೆಯ ಹಿರಿಯ ಮಗನಾದ ಅಪ್ಪನೇ. ಇದು ಕಾಕಾನಿಂದ ಗೊತ್ತಾಗಿ ವರ್ಷಗಳಾಗಿದ್ದವು. ಅಪ್ಪನನ್ನು ನಾನು ಕೇಳಿರಲಿಲ್ಲ. ಆ ದಿನ ನಿಂತುಕೊಂಡೇ ಕೇಳಿದೆ.

‘ಅಪ್ಪಾ, ಅತ್ತಿ ಹೋದಾಗ ಹೊಟ್ಟಿನೋವು ಅಂತ ಯಾಕ ಬರಸಿದಿ?’

ಅಪ್ಪ ಕಿವಿಗೆ ಕೈ ಹಚ್ಚಿ, ಕೇಳಿಸುತ್ತಿಲ್ಲ ಎಂಬ ಸನ್ನೆ ಮಾಡಿದರು.

ಕಾಕಾ ಒಳಗೆ ಹೋದರು. ಮಗ್ಗಗಳು ಒಂದರ ಹಿಂದೆ ಒಂದು ನಿಂತವು.  ಅಪ್ಪನ ಕೈ ಇನ್ನೂ ಕಿವಿಯ ಬಳಿಯೇ ಇತ್ತು. ಅದನ್ನು ಇಳಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲವೆಂದು ತೋರುತ್ತದೆ. ಪೇಪರು ಮೊಣಕಾಲಿನಿಂದ ಜಾರಿತು. ನಾನು ಅದೇ ಪ್ರಶ್ನೆಯನ್ನು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಕೇಳಲು ಬಾಯಿ ತೆರೆದಿದ್ದೆ. ನಾನು ಕೇಳುತ್ತಿದ್ದೇನೋ ಝಾಡಿಸುತ್ತಿದ್ದೇನೋ? ಅಕ್ಕೋರಿದ್ದರೆ ನನ್ನನ್ನು ಚಪ್ಪಲಿಯ ಪಕ್ಕಕ್ಕೆ ಕಳಿಸುತ್ತಿದ್ದರು. ಸಿಟ್ಟು ನನ್ನಲ್ಲಿ ಹಾಗೇ ಇತ್ತು, ಈಗಲೂ ಇದೆ. ಆದರೂ ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕೂತು, ಪೇಪರನ್ನು ಎತ್ತಿಟ್ಟು, ಬೇರೆಯದನ್ನು ಕೇಳಿದೆ. ಮಗ್ಗ ಅಂದು ಕತ್ತಲಾಗುವವರೆಗೆ ನಿಂತೇ ಇತ್ತು. 

‘ಅತ್ತಿ ಹೋದಾಗಿಂದ, ನಿನಗೇನಾತು ಅಂತ ಯಾರರ ನಿನ್ನ ಕೇಳ್ಯಾರೇನು ಅಪ್ಪಾ?’